ಅಂಡರ್‌ಟೇಕರ್ ಎಲ್ಲಿಗೆ ನಿಲ್ಲಿಸಬೇಕಿತ್ತು? ನನ್ನ ಪ್ರಕಾರ 2012ಕ್ಕೇ

ಹಳೇ ಕೇಬಲ್:

ಮೊನ್ನೆ ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇಯ ಕುಸ್ತಿಪಟು ಅಂಡರ್‌ಟೇಕರ್ ಬಗ್ಗೆ ಇನ್ನೊಂದು ಚರ್ಚೆಯಲ್ಲಿ "ಮೂವತ್ತು ವರ್ಷ ಆಡಿದ, ಅದೇ ಅಂಡರ್‌ಟೇಕರ್‌ನ ದೊಡ್ಡಸ್ತಿಕೆ" ಅಂತ ಒಬ್ಬರು ಬರೆದಿದ್ದರು. ಅಲ್ಲಿ ಜಗಳ ಬೇಡ ಅಂತ ಇಲ್ಲಿ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ಲೆಕ್ಕವೇನೋ ಸರಿ ಇದೆ. 1990ರ ನವೆಂಬರ್ 22ಕ್ಕೆ ಸರ್ವೈವರ್ ಸೀರೀಸ್ ಅನ್ನೋ ವಾರ್ಷಿಕ ಶೋನಲ್ಲಿ ಬಂದ. 2020ರ ನವೆಂಬರ್ 22ಕ್ಕೆ ಅದೇ ಸರ್ವೈವರ್ ಸೀರೀಸ್‌ನಲ್ಲಿ ವಿದಾಯ ಹೇಳಿದ. ಆದರೆ ಆ ಮೂವತ್ತರಲ್ಲಿ ಕೊನೆಯ ಎಂಟು ವರ್ಷ ಕಿತ್ತು ಹಾಕಿ ನೋಡಿ. ಅವನ ಹೆಸರಿಗೆ ಗುಲಗಂಜಿಯಷ್ಟೂ ಕಮ್ಮಿ ಆಗುವುದಿಲ್ಲ.

ಕಂಪನಿಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ 28, ಮಯಾಮಿ, 2012ರ ಏಪ್ರಿಲ್ 1. ಟ್ರಿಪಲ್ ಎಚ್ ಜೊತೆ ಹೆಲ್ ಇನ್ ಎ ಸೆಲ್, ಅಂದರೆ ಪಂಜರದೊಳಗಿನ ಮ್ಯಾಚ್, ಶಾನ್ ಮೈಕೆಲ್ಸ್ ರೆಫರಿ. ಅವತ್ತು ಗೆದ್ದು ರೆಸಲ್‌ಮೇನಿಯಾದಲ್ಲಿ ಅವನ ಲೆಕ್ಕ 20-0 ಆಯಿತು, ಇಪ್ಪತ್ತು ಗೆಲುವು, ಸೋಲೇ ಇಲ್ಲ. ಮ್ಯಾಚ್ ಮುಗಿದ ಮೇಲೆ ಮೂರೂ ಜನ ಹೆಗಲ ಮೇಲೆ ಕೈ ಹಾಕಿಕೊಂಡು ವಾಪಸ್ ನಡೆದರು. ವಯಸ್ಸು ಆಗಲೇ 47. ಅಲ್ಲಿಗೆ ಮಂಗಳ ಹಾಡಿಬಿಡಬೇಕಿತ್ತು.

ಆಮೇಲೆ ಏನಾಯಿತು? ಬ್ರಾಕ್ ಲೆಸ್ನರ್ ಕೈಲಿ ಸೋತ. ರೋಮನ್ ರೇನ್ಸ್ ಕೈಲಿ ಸೋತ. ಸೌದಿಗೆ ಹೋಗಿ ಗೋಲ್ಡ್‌ಬರ್ಗ್ ಜೊತೆ ಆಡಿದ್ದನ್ನಂತೂ ನನ್ನಿಂದ ಪೂರ್ತಿ ನೋಡಲಾಗಲಿಲ್ಲ. ಒಪ್ಪದವರು ಬನ್ನಿ, ಮಾತಾಡೋಣ.

ಟ್ರಂಪ್ ಕಾರ್ಡ್:

2012 ಬೇಡ ಗುರು, 2013. ಸಿಎಂ ಪಂಕ್ ಮ್ಯಾಚ್ ಬಿಟ್ಟುಕೊಡೋಕೆ ನಾನಂತೂ ರೆಡಿ ಇಲ್ಲ. ಅವತ್ತಿಗೆ ಇವನ ಮ್ಯಾನೇಜರ್ ಆಗಿದ್ದ ಪಾಲ್ ಬೇರರ್ ತೀರಿಕೊಂಡು ಒಂದು ತಿಂಗಳು ಕಳೆದಿತ್ತಷ್ಟೇ. ಅದನ್ನೇ ಕಥೆ ಮಾಡಿ, ಬೂದಿ ಪಾತ್ರೆ ಕದ್ದು, ಬೂದಿ ಸುರಿದು ಆಟ ಆಡಿಸಿದರು. ಆ ಕಥೆ ನನಗೆ ಈಗಲೂ ಅಸಹ್ಯ. ಆದರೆ ರಿಂಗ್ ಒಳಗೆ ಪಂಕ್ ಇವನನ್ನು ಓಡಾಡಿಸಿ ಆಡಿಸಿದ. 21-0ಕ್ಕೆ ನಿಲ್ಲಿಸಿದ್ದರೆ ಸರಿ ಇರುತ್ತಿತ್ತು.

ಗರಡಿ ಮಣ್ಣು:

ನಾನು ಮೈಸೂರಿನವನು, ದಸರಾ ಕುಸ್ತಿ ನೋಡಿ ಬೆಳೆದವನು. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾರು ಗೆಲ್ಲಬೇಕು ಅಂತ ಮೊದಲೇ ಕೂತು ಬರೆದಿಟ್ಟ ಆಟ ಇದು. ಅದರಲ್ಲಿ 20-0, 21-0 ಅಂತ ಲೆಕ್ಕ ಇಟ್ಟುಕೊಂಡು ಏನು ಉಪಯೋಗ? ಗೆದ್ದವನು ಗೆದ್ದಿಲ್ಲ, ಸೋತವನು ಸೋತಿಲ್ಲ.

ಚೆಂಡೆಮದ್ದಳೆ:

ಗರಡಿಯವರೇ, ಈ ಪ್ರಶ್ನೆ ಪ್ರತಿ ಸಲ ಬರುತ್ತೆ, ಆದ್ದರಿಂದ ಒಂದೇ ಸಲ ಹೇಳಿಬಿಡುತ್ತೇನೆ. ನಮ್ಮ ಕಡೆ ಯಕ್ಷಗಾನದಲ್ಲಿ ಕರ್ಣ ಸಾಯುತ್ತಾನೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ತನಕ ಕೂರುತ್ತೇವೆ. ಹೇಗೆ ಸಾಯುತ್ತಾನೆ, ಇವತ್ತಿನ ವೇಷಧಾರಿ ಅದನ್ನು ಹೇಗೆ ತೂಗಿಸುತ್ತಾನೆ ಅಂತ ನೋಡೋಕೆ. ಇಲ್ಲೂ ಅಷ್ಟೇ.

ಫಲಿತಾಂಶ ಬರೆದಿಟ್ಟದ್ದು ನಿಜ. ಬೀಳುವುದು, ಸುಡುವುದು ಬರೆದಿಟ್ಟಂತೆ ಆಗುವುದಿಲ್ಲ. 2010ರ ಫೆಬ್ರವರಿ, ಸೇಂಟ್ ಲೂಯಿಸ್, ಎಲಿಮಿನೇಷನ್ ಚೇಂಬರ್ ಅನ್ನೋ ಪಂಜರದ ಮ್ಯಾಚ್. ಅಂಡರ್‌ಟೇಕರ್ ಎಂದಿನಂತೆ ನಿಧಾನವಾಗಿ ನಡೆದು ಬರುತ್ತಿದ್ದ. ವೇದಿಕೆಯ ಬೆಂಕಿ ಹೊತ್ತು ತಪ್ಪಿ ಹೊತ್ತಿ ಅವನ ಮೇಲೇ ಬಂತು. ಉದ್ದ ಕೋಟಿಗೆ ಉರಿ ತಗುಲಿತು. ಆ ಮನುಷ್ಯ ರಿಂಗ್ ಕಡೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುತ್ತಿಗೆ, ಎದೆ ಸುಟ್ಟಿತ್ತು. ಆಮೇಲೆ ಗಾಜಿನ ಗೂಡಿನೊಳಗೆ ತನ್ನ ಸರದಿಗೆ ಕಾಯುತ್ತಾ ನೀರಿನ ಬಾಟಲಿ ಮೈಮೇಲೆ ಸುರಿದುಕೊಳ್ಳುತ್ತಾ ನಿಂತಿದ್ದ. ಸರದಿ ಬಂತು, ಹೊರಗೆ ಬಂದ, ಆಡಿದ. ಕಥೆಯ ಪ್ರಕಾರ ಶಾನ್ ಮೈಕೆಲ್ಸ್ ರಿಂಗ್ ಕೆಳಗಿನಿಂದ ಎದ್ದು ಬಂದು ಒದೆಯಬೇಕಿತ್ತು, ಕ್ರಿಸ್ ಜೆರಿಕೊ ಬೆಲ್ಟ್ ಗೆಲ್ಲಬೇಕಿತ್ತು. ಎರಡೂ ಆಯಿತು. ಸುಟ್ಟಿದೆ ಅಂತ ಅವತ್ತು ಹಿಂದೆ ಹೋಗಿದ್ದರೆ ಮುಂದಿನ ತಿಂಗಳ ರೆಸಲ್‌ಮೇನಿಯಾ 26ಕ್ಕೆ ಕಥೆಯೇ ಇರುತ್ತಿರಲಿಲ್ಲ.

ಗರಡಿ ಮಣ್ಣು:

ಸುಟ್ಟ ಮೈಯಲ್ಲಿ ಆಡಿದ್ದು ಒಪ್ಪುತ್ತೇನೆ. ಪೈಲ್ವಾನನೋ ಅಲ್ಲವೋ, ಗಟ್ಟಿ ಆಸಾಮಿ.

ಡಲ್ಲಾಸ್ ದೋಸೆ:

ಎಲ್ಲರೂ ಕೊನೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನಿರುವ ಊರಿನಿಂದ ಶುರುವಿನ ಕಥೆ ಸ್ವಲ್ಪ ಹೇಳುತ್ತೇನೆ. ಯಾಕಂದರೆ ಅವನು ಯಾಕೆ ನಿಲ್ಲಿಸಲಿಲ್ಲ ಅನ್ನೋದು ಅಲ್ಲಿಂದಲೇ ಅರ್ಥ ಆಗುತ್ತೆ ಅಂತ ನನ್ನ ಅನಿಸಿಕೆ.

ಅಂಡರ್‌ಟೇಕರ್‌ನ ನಿಜ ಹೆಸರು ಮಾರ್ಕ್ ಕ್ಯಾಲವೇ. ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ, 1965ರ ಮಾರ್ಚ್ 24. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ. ಕುಸ್ತಿಗೆ ಬಂದಿದ್ದು ಇದೇ ಡಲ್ಲಾಸ್‌ನ ವರ್ಲ್ಡ್ ಕ್ಲಾಸ್ ಕಂಪನಿಯಲ್ಲಿ. ಮುಖಕ್ಕೆ ಮುಖವಾಡ, ಹೆಸರು ಟೆಕ್ಸಸ್ ರೆಡ್, ಎದುರಾಳಿ ಬ್ರೂಸರ್ ಬ್ರೋಡಿ. ಸೋತ. ಅವನಿಗೆ ಪಾಠ ಹೇಳಿಕೊಟ್ಟವರು ಡಾನ್ ಜಾರ್ಡಿನ್, ಸ್ಪಾಯ್ಲರ್ ಅಂತ ಹೆಸರುವಾಸಿ. ಎದುರಾಳಿಯ ಕೈ ತಿರುಚಿ ಹಿಡಿದು ಮೇಲಿನ ಹಗ್ಗದ ಮೇಲೆ ನಡೆದು ಬಂದು ಹೊಡೆಯುತ್ತಾನಲ್ಲ, ಓಲ್ಡ್ ಸ್ಕೂಲ್ ಅನ್ನೋ ಪಟ್ಟು, ಅದು ಜಾರ್ಡಿನ್ ಅವರದ್ದೇ. ಆರಡಿ ಹತ್ತು ಇಂಚಿನ ಆಳು ಹಗ್ಗದ ಮೇಲೆ ನಡೆಯುವುದು ಸುಮ್ನೆ ಮಾತಲ್ಲ.

ಅಲ್ಲಿಂದ ಊರೂರು ಅಲೆದ. ಮೆಂಫಿಸ್‌ನಲ್ಲಿ ಮಾಸ್ಟರ್ ಆಫ್ ಪೇನ್. ಜಪಾನ್‌ನಲ್ಲಿ ಪನಿಷರ್ ಡೈಸ್ ಮಾರ್ಗನ್. 1989ರ ಕೊನೆಗೆ ಡಬ್ಲ್ಯೂಸಿಡಬ್ಲ್ಯೂ ಅನ್ನೋ ಇನ್ನೊಂದು ಕುಸ್ತಿ ಕಂಪನಿ ಸೇರಿದ. ಅಲ್ಲಿ ಮೀನ್ ಮಾರ್ಕ್ ಕ್ಯಾಲಸ್. ಕೆಂಪು ಕೂದಲಿನ ಉದ್ದನೆಯ ಹುಡುಗ, ಅಷ್ಟೇ ಅಂತ ನೋಡಿದರು. "ನಿನ್ನನ್ನು ನೋಡೋಕೆ ಯಾರೂ ದುಡ್ಡು ಕೊಡಲ್ಲ" ಅನ್ನೋ ಅರ್ಥದ ಮಾತನ್ನು ಅಲ್ಲಿ ಕೇಳಿಸಿಕೊಂಡೆ ಅಂತ ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಆಮೇಲೆ ಡಬ್ಲ್ಯೂಡಬ್ಲ್ಯೂಎಫ್ (ಡಬ್ಲ್ಯೂಡಬ್ಲ್ಯೂಇಯ ಹಳೇ ಹೆಸರು) ಮಾಲೀಕ ವಿನ್ಸ್ ಮೆಕ್‌ಮಹನ್ ಕರೆದರು. ಆಗ ಅವರ ಟಿವಿಯಲ್ಲಿ ಒಂದು ದೊಡ್ಡ ಮೊಟ್ಟೆ ತೋರಿಸುತ್ತಿದ್ದರು, ಸರ್ವೈವರ್ ಸೀರೀಸ್ ದಿನ ಒಡೆಯುತ್ತೆ ಅಂತ. ಆ ಮೊಟ್ಟೆಯಿಂದ ಬರುವವನು ನಾನೇ ಇರಬೇಕು ಅಂತ ಇವನಿಗೆ ಪುಕಪುಕ. ಪುಣ್ಯಕ್ಕೆ ಅದರಿಂದ ಬಂದದ್ದು ಟರ್ಕಿ ಕೋಳಿ ವೇಷದ ಬೇರೊಬ್ಬ. ಅದೇ ರಾತ್ರಿ, ಹಾರ್ಟ್‌ಫರ್ಡ್‌ನಲ್ಲಿ, ಕುಸ್ತಿಪಟು ಟೆಡ್ ಡಿಬಿಯಾಸಿ ತನ್ನ ತಂಡದ ಗುಟ್ಟಿನ ಆಳು ಅಂತ ಅಂಡರ್‌ಟೇಕರ್‌ನನ್ನು ಕರೆತಂದ. ಕೊಕೊ ಬಿ ವೇರ್ ಎರಡು ನಿಮಿಷದೊಳಗೆ ಔಟ್. ಆಮೇಲೆ ಡಸ್ಟಿ ರೋಡ್ಸ್. ವರ್ಷ ತುಂಬಿ ಐದೇ ದಿನಕ್ಕೆ ಹಲ್ಕ್ ಹೋಗನ್‌ನನ್ನು ಸೋಲಿಸಿ ಬೆಲ್ಟ್ ಹಾಕಿಕೊಂಡ.

ಯಾರಿಗೂ ಬೇಡವಾಗಿದ್ದವನು ಹೀಗೆ ಮೇಲೆ ಬಂದರೆ, ಆ ಕರಿ ಕೋಟು ಬಿಚ್ಚಿ ಇಡು ಅಂದರೆ ಇಡುತ್ತಾನಾ?

ಟ್ರಂಪ್ ಕಾರ್ಡ್:

ಆ ಮೊಟ್ಟೆ ಕಥೆ ಮಸ್ತ್. ಪಾಲ್ ಬೇರರ್ ಬಗ್ಗೆಯೂ ಒಂದು ಮಾತು ಸೇರಿಸಿ. ಆತ ನಿಜ ಜೀವನದಲ್ಲೂ ಶವಸಂಸ್ಕಾರದ ಕೆಲಸ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದವರು. ವೇಷಕ್ಕೆ ಹುಡುಕಿದರೂ ಇಂಥವರು ಸಿಗುವುದಿಲ್ಲ.

ಪುಟ್ಟಕ್ಕ:

ನಮ್ಮ ಕೇರಿಯಲ್ಲಿ ಎಲ್ಲ ಹುಡುಗರೂ ಆಣೆ ಇಟ್ಟು ಹೇಳುತ್ತಿದ್ದರು, ಇವನಿಗೆ ಏಳು ಜೀವ, ಸತ್ತು ಸತ್ತು ಹುಟ್ಟಿ ಬರುತ್ತಾನೆ ಅಂತ. ಅದು ಇರಲಿ. ಒಂದು ಪ್ರಶ್ನೆ. ಹಾಗಾದರೆ ಹಿಂದಿ ಪಿಕ್ಚರ್‌ನಲ್ಲಿ ಅಕ್ಷಯ್ ಕುಮಾರ್ ಎತ್ತಿ ಹೊಡೆದದ್ದು ಇವನನ್ನೇ ಅಲ್ವಾ?

ಹಳೇ ಕೇಬಲ್:

ಅಲ್ಲ ಅಕ್ಕಾ! 1996ರ ಖಿಲಾಡಿಯೋಂ ಕಾ ಖಿಲಾಡಿ ಸಿನಿಮಾದಲ್ಲಿ ಇದ್ದದ್ದು ಬ್ರಯಾನ್ ಲೀ. ಮಜಾ ಏನಂದರೆ ಅವನು ಡಬ್ಲ್ಯೂಡಬ್ಲ್ಯೂಎಫ್‌ನಲ್ಲೂ ನಕಲಿ ಅಂಡರ್‌ಟೇಕರ್ ಆಗಿದ್ದವನೇ. 1994ರಲ್ಲಿ ಅಸಲಿಗೆ ಬೆನ್ನು ನೋವು, ಕೆಲವು ತಿಂಗಳು ರಜೆ. ಆ ಹೊತ್ತಿಗೆ ಡಿಬಿಯಾಸಿ ಒಬ್ಬ ನಕಲಿಯನ್ನು ತಂದ. ಸಮ್ಮರ್‌ಸ್ಲ್ಯಾಮ್‌ನಲ್ಲಿ ಅಸಲಿ ನಕಲಿ ಎದುರುಬದುರು ನಿಂತು ಆಡಿದರು. ಆ ನಕಲಿಯೇ ಎರಡು ವರ್ಷ ಬಿಟ್ಟು ಬಾಂಬೆ ಸಿನಿಮಾಗೆ ಬಂದು ನಮ್ಮ ಕಡೆಯವರನ್ನೆಲ್ಲ ಯಾಮಾರಿಸಿದ್ದು.

ಪುಟ್ಟಕ್ಕ:

ಅಯ್ಯೋ ದೇವರೇ. ಇಷ್ಟು ವರ್ಷ ನಮ್ಮಣ್ಣನ ಹತ್ತಿರ ಇದೇ ವಿಷಯಕ್ಕೆ ಜಗಳ ಆಡಿದ್ದೇನೆ. ಅವನಿಗೆ ಈ ಪುಟ ತೋರಿಸುವುದಿಲ್ಲ.

ಚೆಂಡೆಮದ್ದಳೆ:

ಮೂಲ ಪ್ರಶ್ನೆಗೆ ಬರೋಣ. 20-0ಕ್ಕೆ ನಿಲ್ಲಿಸಬೇಕಿತ್ತು ಅನ್ನುವವರು ಆ ಲೆಕ್ಕ ಹೇಗೆ ಹುಟ್ಟಿತು ಅಂತ ಸ್ವಲ್ಪ ನೋಡಬೇಕು. ಅದನ್ನು ಯಾರೂ ಮೊದಲೇ ಯೋಜನೆ ಹಾಕಿ ಕಟ್ಟಿದ್ದಲ್ಲ.

ಮೊದಲನೆಯದು 1991, ಜಿಮ್ಮಿ ಸ್ನೂಕಾ. ನಾಲ್ಕೈದು ನಿಮಿಷದ ಮ್ಯಾಚ್. 1993ರಲ್ಲಿ ಜಯಂಟ್ ಗೊನ್ಸಾಲೆಸ್, ಅರ್ಜೆಂಟೀನಾದಿಂದ ಬಂದ ಬಾಸ್ಕೆಟ್‌ಬಾಲ್ ಆಟಗಾರ, ಇವನಿಗಿಂತಲೂ ಉದ್ದ. ಮೈಗೆ ಅಂಟಿದ ಬಟ್ಟೆಯ ಮೇಲೆ ಸ್ನಾಯು ಬಿಡಿಸಿ, ಅಲ್ಲಲ್ಲಿ ಕೂದಲು ಅಂಟಿಸಿದ್ದರು. ಬಟ್ಟೆಗೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಒತ್ತಿದ ಅಂತ ಅವನನ್ನು ಅನರ್ಹ ಮಾಡಿದರು, ಅದೂ ಗೆಲುವಿನ ಲೆಕ್ಕಕ್ಕೆ ಸೇರಿತು! 1994ರಲ್ಲೂ 2000ದಲ್ಲೂ ಅಂಡರ್‌ಟೇಕರ್ ಪೆಟ್ಟಾಗಿ ರೆಸಲ್‌ಮೇನಿಯಾಗೆ ಬರಲೇ ಇಲ್ಲ. 1999ರಲ್ಲಿ ಬಿಗ್ ಬಾಸ್ ಮ್ಯಾನ್ ಜೊತೆಗಿನ ಹೆಲ್ ಇನ್ ಎ ಸೆಲ್ ಅನ್ನು ಯಾರೂ ನೆನಪಿಟ್ಟುಕೊಳ್ಳುವುದು ಬೇಡ.

2002ರಲ್ಲಿ ರಿಕ್ ಫ್ಲೇರ್‌ನನ್ನು ಸೋಲಿಸಿದ ಮೇಲೆ ಬೆರಳು ಮಡಚಿ ಹತ್ತು ಎಣಿಸಿ ತೋರಿಸಿದ. 2005ರಲ್ಲಿ ರ‍್ಯಾಂಡಿ ಆರ್ಟನ್ ಬಂದು "ನಾನು ಇದನ್ನು ಮುರಿಯುತ್ತೇನೆ" ಅಂದಾಗ ಅದೇ ಕಥೆ ಆಯಿತು. ಅಲ್ಲಿಂದ ಬೆಲ್ಟ್‌ಗಿಂತ ಈ ಲೆಕ್ಕವೇ ದೊಡ್ಡದಾಯಿತು. ಅಂದರೆ ಮೊದಲ ಹತ್ತು ಹದಿನೈದು ವರ್ಷ ಅವನು ಲೆಕ್ಕ ಉಳಿಸೋಕೆ ಆಡಿದ್ದಲ್ಲ. ಸುಮ್ನೆ ಆಡಿದ, ಲೆಕ್ಕ ತಾನಾಗಿ ಬೆಳೆಯಿತು. ಈಗ ಆ ಲೆಕ್ಕ ಕೆಟ್ಟಿತು ಅಂತ ಆಟವನ್ನೇ ನಿಲ್ಲಿಸಬೇಕಿತ್ತು ಅಂದರೆ ಹೇಗೆ?

ಹಳೇ ಕೇಬಲ್:

ಲೆಕ್ಕ ಮುರಿದದ್ದಕ್ಕೆ ನನಗೆ ಕೋಪ ಇಲ್ಲ. ಮುರಿದ ರೀತಿಗೆ ಕೋಪ. 2014ರ ಏಪ್ರಿಲ್ 6, ನ್ಯೂ ಓರ್ಲಿಯನ್ಸ್, ಬ್ರಾಕ್ ಲೆಸ್ನರ್ ಜೊತೆ. ಸೋಲಬೇಕು ಅನ್ನೋ ತೀರ್ಮಾನ ವಿನ್ಸ್ ಅವತ್ತೇ ತಿಳಿಸಿದ್ದು. ಆಟದ ಮಧ್ಯೆ ಇವನ ತಲೆಗೆ ಪೆಟ್ಟು ಬಿತ್ತು. ಅವತ್ತು ಮಧ್ಯಾಹ್ನದ ಮೇಲೆ ನಡೆದದ್ದು ಯಾವುದೂ ಅವನಿಗೆ ನೆನಪಿಲ್ಲ. ಬ್ರಾಕ್‌ನ ಎಫ್-5 ಪಟ್ಟು ಮೂರನೇ ಸಲ ಬಿತ್ತು, ರೆಫರಿ ಮೂರು ಬಡಿದ, ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಜನಕ್ಕೆ ಬೈಯಬೇಕೋ ಚಪ್ಪಾಳೆ ಹೊಡೆಯಬೇಕೋ ಗೊತ್ತಾಗಲಿಲ್ಲ. ಪರದೆಯ ಮೇಲೆ 21-1 ಅಂತ ಬಂದ ಮೇಲೇ ನಂಬಿದ್ದು. ಅವನನ್ನು ಆಸ್ಪತ್ರೆಗೆ ಒಯ್ದರು. ಕೊನೆಯ ಮ್ಯಾಚ್ ಇನ್ನೂ ಬಾಕಿ ಇತ್ತು, ಅಂಥಾ ವಿನ್ಸ್ ಕೂಡ ಶೋ ಬಿಟ್ಟು ಜೊತೆಗೆ ಹೋದರು.

ಬ್ರಾಕ್‌ಗೆ ಆ ಗೆಲುವು ಬೇಕಿರಲಿಲ್ಲ ಅಂತ ಅಂಡರ್‌ಟೇಕರ್ ಆಮೇಲೆ ಹೇಳಿದ್ದಾನೆ. ಅವನು ಆಗಲೇ ದೊಡ್ಡ ಹೆಸರು. ಕೊಡುವುದಿದ್ದರೆ ಬೆಳೆಯುವ ಹುಡುಗನಿಗೆ ಕೊಡಬೇಕಿತ್ತು.

ಟ್ರಂಪ್ ಕಾರ್ಡ್:

ಬೆಳೆಯುವ ಹುಡುಗನಿಗೂ ಕೊಟ್ಟನಲ್ಲ, ರೋಮನ್‌ಗೆ, 2017ರಲ್ಲಿ. ಏನಾಯಿತು? ಸೊಂಟ ಹೋಗಿತ್ತು. ರೋಮನ್ ಇವನನ್ನು ತಲೆಕೆಳಗಾಗಿ ಎತ್ತೋಕೆ ಹೋಗಿ ಎತ್ತಲಾಗದೆ ಇಬ್ಬರೂ ಜಾರಿ ಬಿದ್ದರು. ಮ್ಯಾಚ್ ಮುಗಿದ ಮೇಲೆ ಕೈಗವಸು, ಕೋಟು, ಟೋಪಿ ಮೂರನ್ನೂ ರಿಂಗ್ ಮಧ್ಯೆ ಬಿಟ್ಟು ಹೋದ. ಅಷ್ಟು ಚೆನ್ನಾಗಿ ವಿದಾಯ ಹೇಳಿ ಮುಂದಿನ ವರ್ಷ ಜಾನ್ ಸೀನಾ ಮೇಲೆ ಮೂರು ನಿಮಿಷಕ್ಕೆ ವಾಪಸ್ ಬಂದ. ಸೀನಾ ಮ್ಯಾಚ್ ನೋಡಿ ನಕ್ಕಿದ್ದು ನಾನೊಬ್ಬನೇನಾ?

ಡಲ್ಲಾಸ್ ದೋಸೆ:

ಅದಕ್ಕೇ ನಾನು ಹೇಳಿದ್ದು. ದಿ ಲಾಸ್ಟ್ ರೈಡ್ ಅಂತ 2020ರಲ್ಲಿ ಸಾಕ್ಷ್ಯಚಿತ್ರ ಬಂತಲ್ಲ, ನೋಡಿ. ಅದುವರೆಗೂ ಹೊರಗೆ ಬಾಯಿ ಬಿಡದವನು ಅದರಲ್ಲಿ ಎಲ್ಲ ಬಿಚ್ಚಿಟ್ಟಿದ್ದಾನೆ. ರೋಮನ್ ಮ್ಯಾಚ್‌ನ ರೆಕಾರ್ಡಿಂಗ್ ನೋಡಿ ಅವನಿಗೇ ಬೇಸರ ಬಂತು. ಆಪರೇಷನ್ ಮಾಡಿಸಿಕೊಂಡ. ಹೀಗೆ ಮುಗಿಯಬಾರದು, ಒಂದು ಒಳ್ಳೇ ಮ್ಯಾಚ್ ಆಡಿ ಹೋಗುತ್ತೇನೆ ಅಂತ ಮತ್ತೆ ಬಂದ. ಅದೂ ಚೆನ್ನಾಗಿ ಆಗಲಿಲ್ಲ, ಮತ್ತೆ ಬಂದ. ದುಡ್ಡಿನ ಆಸೆಯೂ ಇತ್ತೇನೋ, ಆದರೆ ಕಾಡಿದ್ದು ಇದು.

ಹಳೇ ಕೇಬಲ್:

ದೋಸೆಯವರೇ, ನೀವು ನನ್ನ ಪರವಾಗಿಯೇ ವಾದ ಮಾಡುತ್ತಿದ್ದೀರಿ! 2012ರಲ್ಲಿ ಆ ಒಳ್ಳೇ ಮ್ಯಾಚ್ ಆಡಿ ಆಗಿತ್ತು. 2018ರ ನವೆಂಬರ್, ರಿಯಾದ್: ಅಂಡರ್‌ಟೇಕರ್, ಕೇನ್ ಒಂದು ಕಡೆ, ಟ್ರಿಪಲ್ ಎಚ್, ಶಾನ್ ಇನ್ನೊಂದು ಕಡೆ. ನಿವೃತ್ತಿ ಆಗಿ ಎಂಟು ವರ್ಷ ಮಾತು ಉಳಿಸಿಕೊಂಡಿದ್ದ ಶಾನ್ ಇದಕ್ಕಾಗಿ ಮಾತು ಮುರಿದ. ಟ್ರಿಪಲ್ ಎಚ್ ಎದೆಯ ಸ್ನಾಯು ಹರಿದುಕೊಂಡ. ಕೇನ್‌ನ ಮುಖವಾಡ ಕೂದಲ ಸಮೇತ ಕಳಚಿ ಬಿತ್ತು. ಆ ಹೊತ್ತಿಗೆ ಕೇನ್ ಟೆನೆಸಿಯಲ್ಲಿ ನಾಕ್ಸ್ ಕೌಂಟಿಯ ಮೇಯರ್ ಬೇರೆ. 2019ರ ಜೂನ್, ಜೆಡ್ಡಾ: ಸೆಕೆಯಲ್ಲಿ ಗೋಲ್ಡ್‌ಬರ್ಗ್ ಕಂಬಕ್ಕೆ ತಲೆ ಕೊಟ್ಟು ಮಂಕಾದ. ಇವನನ್ನು ಎತ್ತಿ ಬಿಡುವಾಗ ಕೈ ಸೋತು ಕುತ್ತಿಗೆ ಮೇಲೆ ಬೀಳಿಸಿದ. ಪ್ರಾಣ ಉಳಿದದ್ದೇ ಹೆಚ್ಚು.

ಪುಟ್ಟಕ್ಕ:

ಬೋನ್‌ಯಾರ್ಡ್ (ಸ್ಮಶಾನದ) ಮ್ಯಾಚ್ ಯಾಕೆ ಯಾರೂ ಹೇಳುತ್ತಿಲ್ಲ? ಲಾಕ್‌ಡೌನ್‌ನಲ್ಲಿ ಮನೆಯವರೆಲ್ಲ ಕೂತು ನೋಡಿದ್ದು ಅದನ್ನೇ. ಎಜೆ ಸ್ಟೈಲ್ಸ್‌ನನ್ನು ಹೂತು ಹಾಕಿ ಬೈಕಿನಲ್ಲಿ ಹೊರಟುಹೋಗುತ್ತಾನೆ. 2012ಕ್ಕೆ ನಿಂತಿದ್ದರೆ ಅದು ಎಲ್ಲಿ ಸಿಗುತ್ತಿತ್ತು?

ಹಳೇ ಕೇಬಲ್:

ಅದು ಶೂಟಿಂಗ್ ಅಕ್ಕಾ, ಎಡಿಟಿಂಗ್ ಮಾಡಿದ್ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಜನರ ಮುಂದೆ ರಿಂಗ್‌ನಲ್ಲಿ ಆಡಿದ್ದಕ್ಕೂ ಅದಕ್ಕೂ ಹೋಲಿಸಬೇಡಿ.

ಚೆಂಡೆಮದ್ದಳೆ:

ಯಾಕೆ ಹೋಲಿಸಬಾರದು? ಖಾಲಿ ಹಾಲ್‌ನಲ್ಲಿ 55 ವರ್ಷದವನನ್ನು ಓಡಾಡಿಸಿದ್ದರೆ ಮತ್ತೆ ಜೆಡ್ಡಾ ಕಥೆಯೇ ಆಗುತ್ತಿತ್ತು. ಅವನ ಮೈ ಎಷ್ಟು ತಡೆಯುತ್ತೋ ಅಷ್ಟು ಬಳಸಿಕೊಂಡು, ಉಳಿದದ್ದನ್ನು ಕತ್ತಲು, ಹೊಗೆ, ಬೈಕು ಅಂತ ತುಂಬಿದರು. 1990ರಲ್ಲೂ ಮಾಡಿದ್ದು ಅದನ್ನೇ ಅಲ್ವಾ? ಆಗಲೂ ಜಾಸ್ತಿ ಪಟ್ಟು ಹಾಕುತ್ತಿರಲಿಲ್ಲ. ಹೊಡೆದರೂ ಮುಖ ಬದಲಾಗುತ್ತಿರಲಿಲ್ಲ, ಬಿದ್ದರೆ ತಟಕ್ಕನೆ ಎದ್ದು ಕೂರುತ್ತಿದ್ದ. ಅಷ್ಟಕ್ಕೇ ನಾವೆಲ್ಲ ಹೆದರಿ ಕೂತಿದ್ದೆವು.

ಗರಡಿ ಮಣ್ಣು:

ಎರಡು ದಿನದಿಂದ ಓದುತ್ತಿದ್ದೇನೆ. ಕೊನೆಗೆ ಆ ಬೆಂಕಿ ವಿಡಿಯೋ ಹುಡುಕಿ ನೋಡಿದೆ. ಇವನ ಮ್ಯಾಚ್ ಮೂರು ನಾಲ್ಕು ಹೇಳಿ, ಮಗನ ಜೊತೆ ಕೂತು ನೋಡುತ್ತೇನೆ. ಅವನಿಗೆ ಹತ್ತು ವರ್ಷ. ರಕ್ತ ಜಾಸ್ತಿ ಇರುವುದು ಬೇಡ.

ಡಲ್ಲಾಸ್ ದೋಸೆ:

ಹಾಗಾದರೆ 1998ರ ಮ್ಯಾನ್‌ಕೈಂಡ್ ಮ್ಯಾಚ್ ತೋರಿಸಬೇಡಿ. ಹದಿನಾರು ಅಡಿ ಪಂಜರದ ಮೇಲಿಂದ ಮ್ಯಾನ್‌ಕೈಂಡ್ ವೇಷದ ಮಿಕ್ ಫೋಲಿಯನ್ನು ಎಸೆದದ್ದು, ಆಮೇಲೆ ಪಂಜರದ ಚಾವಣಿ ಕಿತ್ತು ಒಳಗೆ ಬಿದ್ದದ್ದು, ಹಲ್ಲು ಮೂಗಿನೊಳಗೆ ಸಿಕ್ಕಿಕೊಂಡದ್ದು, ಹುಡುಗ ರಾತ್ರಿ ಮಲಗಲ್ಲ. ಅವತ್ತು ಅಂಡರ್‌ಟೇಕರ್‌ನ ಕಾಲು ಮುರಿದಿತ್ತು, ಆ ಕಾಲಲ್ಲೇ ಪಂಜರ ಹತ್ತಿದ್ದ ಅಂತ ದೊಡ್ಡವರಿಗೆ ಬೇಕಾದರೆ ಹೇಳಿ.

ನನ್ನ ಮೊದಲ ಆಯ್ಕೆ ರೆಸಲ್‌ಮೇನಿಯಾ 25, ಶಾನ್ ಮೈಕೆಲ್ಸ್ ಜೊತೆ, ಅಂಡರ್‌ಟೇಕರ್‌ನದ್ದೇ ಹುಟ್ಟೂರು ಹ್ಯೂಸ್ಟನ್‌ನಲ್ಲಿ. ಶಾನ್ ಬಿಳಿ ಬಟ್ಟೆಯಲ್ಲಿ ಮೇಲಿಂದ ಇಳಿದು ಬರುತ್ತಾನೆ, ಇವನು ನೆಲದಡಿಯಿಂದ ಎದ್ದು ಬರುತ್ತಾನೆ. ಮಧ್ಯೆ ಒಂದು ಕಡೆ ಇವನು ಹಗ್ಗದ ಮೇಲಿಂದ ಹೊರಗೆ ಹಾರುತ್ತಾನೆ. ಶಾನ್ ಪಕ್ಕಕ್ಕೆ ಸರಿದು ಕ್ಯಾಮೆರಾದವನನ್ನು ಅಡ್ಡ ಎಳೆಯುತ್ತಾನೆ. ಆ ಕ್ಯಾಮೆರಾದವನು ವೇಷ ಹಾಕಿದ ಕುಸ್ತಿಪಟು, ಸಿಮ್ ಸ್ನೂಕಾ. 1991ರಲ್ಲಿ ಮೊದಲು ಸೋತ ಜಿಮ್ಮಿ ಸ್ನೂಕಾ ಮಗ! ಅವನು ಹಿಡಿಯಬೇಕಿತ್ತು, ಸರಿಯಾಗಿ ಹಿಡಿಯಲಿಲ್ಲ. ಇವನು ತಲೆ ಕೆಳಗಾಗಿ ನೆಲಕ್ಕೆ ಬಿದ್ದ. ಆ ಒಂದು ನಿಮಿಷ ನಿಧಾನ ಮಾಡಿ ನೋಡಿ. ರೆಫರಿ ಎಣಿಸುತ್ತಿರುತ್ತಾನೆ, ಇವನು ಒಂಬತ್ತಕ್ಕೆ ಒಳಗೆ ಉರುಳುತ್ತಾನೆ. ಅದು ನಟನೆಯೋ ನಿಜವಾದ ಒದ್ದಾಟವೋ ಅಂತ ನಿಮ್ಮ ಗರಡಿ ಕಣ್ಣಿಗೆ ಬಿಡುತ್ತೇನೆ.

ಚೆಂಡೆಮದ್ದಳೆ:

2006ರ ನೋ ವೇ ಔಟ್, ಕರ್ಟ್ ಆಂಗಲ್ ಜೊತೆ. ಗರಡಿಯವರಿಗೆ ಇದು ಹಿಡಿಸುತ್ತೆ. ಆಂಗಲ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಿಜವಾದ ಕುಸ್ತಿಯಲ್ಲಿ ಚಿನ್ನ ಗೆದ್ದವನು. ಇದರಲ್ಲಿ ಪಟ್ಟಿಗೆ ಪಟ್ಟು.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹಿಮಾಚಲದ ಗ್ರೇಟ್ ಖಲಿ ಕೈಲೂ ಸೋತ. ಮ್ಯಾಚ್ ಏನೇನೂ ಚೆನ್ನಾಗಿಲ್ಲ. ಆದರೆ ಬಂದು ತಿಂಗಳಾಗಿದ್ದ ಖಲಿಗೆ ಹೆಸರು ಬಂದದ್ದೇ ಅದರಿಂದ.

ಟ್ರಂಪ್ ಕಾರ್ಡ್:

ಎಲ್ಲರೂ ದೊಡ್ಡ ದೊಡ್ಡ ಸ್ಟೇಡಿಯಂ ಹೇಳಿದಿರಿ. 2002ರ ಜುಲೈ 1ರ ರಾ, ಜೆಫ್ ಹಾರ್ಡಿ ಜೊತೆ ಏಣಿ ಮ್ಯಾಚ್. ಅದು ಸುಮ್ನೆ ಸೋಮವಾರದ ಟಿವಿ ಶೋ. ಆಗ ಇವನು ಬೈಕ್ ಓಡಿಸುವ ವಿಲನ್, ಮೇಲಿಂದ ಬೆಲ್ಟ್ ಕೂಡ ಇವನದ್ದೇ. ಹಾರ್ಡಿ ಸಣಕಲ ಹುಡುಗ, ಗೆಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಅವನು ಏಣಿ ತುದಿ ಮುಟ್ಟುವಾಗ ಕಾಮೆಂಟೇಟರ್ ಜಿಮ್ ರಾಸ್ ಮೈಕಿನಲ್ಲಿ ಕೂಗುವುದನ್ನು ಕೇಳಿದರೆ ನಾವೂ ಎದ್ದು ನಿಲ್ಲುತ್ತೇವೆ. ಅಂಡರ್‌ಟೇಕರ್ ಗೆದ್ದು ಹೊರಟ. ಹುಡುಗ ಮೈಕ್ ಹಿಡಿದು, ನನ್ನನ್ನು ಮುರಿಯೋಕೆ ನಿನ್ನಿಂದ ಆಗಲಿಲ್ಲ ಅನ್ನುವ ಥರ ಕೆಣಕಿದ. ಇವನು ವಾಪಸ್ ಬಂದ, ಹೊಡೆಯೋಕೆ ಕೈ ಎತ್ತಿದ, ಹೊಡೆಯಲಿಲ್ಲ. ಹುಡುಗನ ಕೈ ಹಿಡಿದು ಮೇಲೆತ್ತಿದ.

ಗರಡಿಯವರೇ, ಮಗನಿಗೆ ಮೊದಲು ಇದನ್ನೇ ಹಾಕಿ.

ಹಳೇ ಕೇಬಲ್:

ಹಾರ್ಡಿ ಮ್ಯಾಚ್ ಒಪ್ಪಿದೆ. 2013ಕ್ಕೆ ನಿಲ್ಲಿಸಬೇಕಿತ್ತು ಅನ್ನೋದನ್ನೂ ಬೇಕಾದರೆ ಒಪ್ಪುತ್ತೇನೆ, ಪಂಕ್ ಸಲುವಾಗಿ. ಅದಕ್ಕಿಂತ ಮುಂದೆ ಒಂದು ದಿನವೂ ಕೊಡಲ್ಲ. ಪುಟ್ಟಕ್ಕ ಬೋನ್‌ಯಾರ್ಡ್ ಹಿಡಿದು ಮತ್ತೆ ಬರುತ್ತಾರೆ ಅಂತ ಗೊತ್ತು, ಬರಲಿ.

ಪುಟ್ಟಕ್ಕ:

ಬಂದೆ. ಬೈಕಿನಲ್ಲಿ ಹೊರಟವನನ್ನು 2013ಕ್ಕೆ ಯಾಕಪ್ಪಾ ಇಳಿಸುತ್ತೀರಿ?